ಶೂನ್ಯಪೇಟಿಕಾ ಸಿದ್ಧಾಂತ

ಮನೆಯಲ್ಲೇ ಆರ್ಕೇಡ್ ಆಟದ ಕ್ಯಾಬಿನೆಟ್ಟನ್ನೂ ಅದರ ಪಕ್ಕಕ್ಕೊಂದು ಜೂಕ್‌ಬಾಕ್ಸನ್ನೂ ಕಟ್ಟಲು ಹೊರಡುವ ಹೊಸಬರು, ತಾವು ಕಟ್ಟುತ್ತಿರುವುದು ಆಟದ ಯಂತ್ರ, ಹಾಡಿನ ಯಂತ್ರ ಎಂದೇ ನಂಬಿರುತ್ತಾರೆ. ಇದು ಶುದ್ಧ ಭ್ರಾಂತಿ. ಅವರು ಕಟ್ಟುತ್ತಿರುವುದು ಖಾಲಿ ಜಾಗವನ್ನು. ಆಟ, ಹಾಡುಗಳು ಅದಕ್ಕೆ ಒದಗಿಬಂದ ನೆಪಗಳು. ಪ್ರತ್ಯಕ್ಷ ಪ್ರಮಾಣ ಬೇಕಾದವರು ಹಿಂಬದಿಯ ಹಲಗೆ ಬಿಚ್ಚಿ ಇಣುಕಬಹುದು. ಆಳೆತ್ತರದ ಪ್ಲೈವುಡ್ ಪೆಟ್ಟಿಗೆ. ಒಳಗೆ ಅಂಗೈಯಲ್ಲಿ ಹಿಡಿಸುವ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರು, ತೆಳ್ಳನೆಯ ಪರದೆ, ಗುಂಡಿಗಳಿಂದ ಇಳಿಬಿದ್ದ ವೈರುಗಳ ಗೋಜಲು. ಉಳಿದದ್ದೆಲ್ಲ ಆಕಾಶತತ್ತ್ವ.

ಪೂರ್ವಕಾಲದಲ್ಲಿ ಹೀಗಿರಲಿಲ್ಲವೆಂಬುದನ್ನು ಮರೆಯಬಾರದು. ಆಗಿನ ಪಿಕ್ಚರ್ ಟ್ಯೂಬಿಗೆ ಹಿಂದಕ್ಕೆ ಚಾಚಿದ ಗಾತ್ರವಿತ್ತು, ಕೆಳಗೆ ನಾಣ್ಯದ ಡಬ್ಬಿಯಿತ್ತು, ಸೋತವರ ಒದೆ ತಡೆಯುವಷ್ಟು ತೂಕವೂ ಬೇಕಿತ್ತು. ಜೂಕ್‌ಬಾಕ್ಸಿನದೂ ಅದೇ ಕಥೆ. 1948ರ ಸೀಬರ್ಗ್ ಯಂತ್ರ 50 ತಟ್ಟೆಗಳನ್ನು ಹೊಟ್ಟೆಯಲ್ಲಿಟ್ಟುಕೊಂಡು, ಎರಡೂ ಮಗ್ಗುಲು ನುಡಿಸಿ 100 ಹಾಡು ಕೇಳಿಸುತ್ತಿತ್ತು. ಅದಕ್ಕೆ ಜಾಗ ಬೇಕೇ ಬೇಕು. ಈಗ ಉಗುರಿನಷ್ಟು ಕಾರ್ಡಿನಲ್ಲಿ ಸಾವಿರಾರು ಹಾಡು ಕೂರುತ್ತವೆ. ಕಾರಣ ಅಳಿದಿದೆ, ಕಾರ್ಯ ಉಳಿದಿದೆ. ತರ್ಕಶಾಸ್ತ್ರ ಒಪ್ಪದ ಈ ಪವಾಡವನ್ನು ಹೊಸಬ ಜಿಗ್‌ಸಾ ಹಿಡಿದು ನಡೆಸಿ ತೋರಿಸುತ್ತಾನೆ. 1946ರ ವುರ್ಲಿಟ್ಜರ್ 1015ರ ಕಮಾನಿನಲ್ಲಿ ಬಣ್ಣದ ನಳಿಗೆಗಳೊಳಗೆ ಗುಳ್ಳೆಗಳು ಏಳುತ್ತಿದ್ದವಲ್ಲ, ಅವುಗಳಿಂದ ಹಾಡಿಗೆ ಕಾಸಿನ ಪ್ರಯೋಜನವಿರಲಿಲ್ಲ. ಹೊಸಬ ಮೊದಲು ಹುಡುಕುವುದು ಆ ಗುಳ್ಳೆಗಳನ್ನೇ. ಸ್ಪೀಕರ್ ನೆನಪಾಗುವುದು ಆಮೇಲೆ. ಗುಳ್ಳೆಯೊಳಗೆ ಏನಿರುತ್ತದೆ ಎಂಬುದನ್ನು ವಿವರಿಸಿ ಪಂಡಿತರ ಸಮಯ ಹಾಳು ಮಾಡಬೇಕಿಲ್ಲ.

ಇನ್ನು ಆಗಮ ಪ್ರಮಾಣ. 1972ರಲ್ಲಿ ಅಟಾರಿ ಕಂಪನಿಯ ಅಲನ್ ಆಲ್ಕಾರ್ನ್ ಕಟ್ಟಿದ ಪಾಂಗ್ ಆಟದ ಯಂತ್ರವನ್ನು ಕ್ಯಾಲಿಫೋರ್ನಿಯಾದ ಸನಿವೇಲ್‌ನ ಪಾನಗೃಹವೊಂದರಲ್ಲಿ ಇಟ್ಟಿದ್ದರು. ಕೆಟ್ಟುಹೋಯಿತೆಂದು ಕರೆ ಬಂತು. ತೆರೆದು ನೋಡಿದರೆ ದೋಷ ಇಷ್ಟೇ: ನಾಣ್ಯದ ಡಬ್ಬಿ ತುಂಬಿ ತುಳುಕುತ್ತಿತ್ತು. ಪೂರ್ಣತೆಯೇ ಯಂತ್ರರೋಗ ಎಂಬುದಕ್ಕೆ ಇದಕ್ಕಿಂತ ಹಳೆಯ ಸಾಕ್ಷಿ ಬೇಡ. ಟೊಮೊಹಿರೊ ನಿಶಿಕಾಡೊ 1978ರಲ್ಲಿ ರಚಿಸಿದ ಸ್ಪೇಸ್ ಇನ್‌ವೇಡರ್ಸ್‌ನಲ್ಲಿ 55 ಅನ್ಯಗ್ರಹಿಗಳು ಮೊದಲು ತೆವಳುತ್ತವೆ. ಒಂದೊಂದೇ ಸತ್ತಂತೆ ಉಳಿದವು ವೇಗ ಪಡೆಯುತ್ತವೆ. ಬಿಡಿಸಬೇಕಾದ ಚಿತ್ರ ಕಡಿಮೆಯಾದಷ್ಟೂ ಪ್ರೊಸೆಸರಿಗೆ ಹಗುರ, ಅಷ್ಟೇ ಕಾರಣ. ಪರದೆ ಬರಿದಾದಷ್ಟೂ ಆಟ ರಂಗೇರಿತು. 1980ರ ಪ್ಯಾಕ್‌ಮ್ಯಾನ್ ಇನ್ನೂ ನಿಷ್ಠುರ ಶೂನ್ಯವಾದಿ: ಚುಕ್ಕೆಗಳನ್ನೆಲ್ಲ ತಿಂದು ಚಕ್ರವ್ಯೂಹವನ್ನು ಖಾಲಿ ಮಾಡುವುದೇ ಅದರ ಪರಮಪುರುಷಾರ್ಥ. 256ನೆಯ ಹಂತದಲ್ಲಿ ಎಂಟು ಬಿಟ್ಟಿನ ಲೆಕ್ಕ ಹೊರಳಿ ಸೊನ್ನೆಗೆ ಬರುತ್ತದೆ, ಅರ್ಧ ಪರದೆ ಅಕ್ಷರಗಳ ಕಲಸುಮೇಲೋಗರವಾಗುತ್ತದೆ. ಸಾಧಕ ಸೊನ್ನೆಯನ್ನು ಮುಟ್ಟಿದ್ದಾನೆ. ಮುಂದಕ್ಕೆ ದಾರಿಯಿಲ್ಲದಿರುವುದು ಸಹಜ.

ಪೂರ್ವಪಕ್ಷದವರು ಸುಮ್ಮನಿರುವುದಿಲ್ಲ. ನಿಂತು ಆಡಲು ಎತ್ತರ ಬೇಡವೇ ಎನ್ನುತ್ತಾರೆ. ಎತ್ತರ ಬೇಕು ನಿಜ, ಅದನ್ನು ನಾಲ್ಕು ಕಾಲಿನ ಮೇಜೂ ಕೊಡುತ್ತದೆ. ಮರಗೆಲಸ ಕಲಿತಂತಾಯಿತಲ್ಲ ಎಂಬ ಇನ್ನೊಂದು ವಾದವಿದೆ. ಅಂಚಿಗೆ ಬೀಡಿಂಗ್ ಕೂರಿಸಲು ಹಲಗೆಯ ದಪ್ಪದ ನಟ್ಟನಡುವೆ ಗಾಡಿ (ಸಣ್ಣ ತೋಡು) ಕೊರೆಯಬೇಕು. ಹೊಸಬನ ಗಾಡಿ ನಡುವನ್ನು ಬಿಟ್ಟು ಬೇರೆಲ್ಲ ಕಡೆ ಸಂಚರಿಸಿರುತ್ತದೆ. ಹೀಗಾಗಿ ಕಲಿಕೆಯ ವಾದವನ್ನು ಬೆಳೆಸದಿರುವುದು ವಾದಿಗೇ ಕ್ಷೇಮ.

ಗಂಭೀರವಾದ ಆಕ್ಷೇಪ ನಾಣ್ಯದ ಕಿಂಡಿಯದು. ಸ್ವಂತ ಮನೆಯಲ್ಲಿ ಸ್ವಂತ ಯಂತ್ರಕ್ಕೆ ಕಾಸು ಹಾಕುವವರುಂಟೇ? ಇದ್ದಾರೆ. ಹಳೆಯ ಆರ್ಕೇಡ್ ಆಟಗಳನ್ನು ಕಂಪ್ಯೂಟರಿನಲ್ಲಿ ಆಡಿಸಲು 1997ರಲ್ಲಿ ನಿಕೋಲಾ ಸಾಲ್ಮೋರಿಯಾ ಹೊರತಂದ ಮೇಮ್ ತಂತ್ರಾಂಶದಲ್ಲಿ ಕೀಬೋರ್ಡಿನ 5 ಒತ್ತಿದರೆ ಒಂದು ನಾಣ್ಯ ಬಿದ್ದ ಲೆಕ್ಕ. ಅಂದರೆ ಇಲ್ಲದ ನಾಣ್ಯ ಹಾಕುವ ಸೌಕರ್ಯ ಪುಕ್ಕಟೆಯಾಗಿಯೇ ಇದೆ. ಆದರೂ ಹೊಸಬ ನಿಜವಾದ ಲೋಹದ ಬಾಗಿಲು ಕೊಂಡು ತಂದು ಜೋಡಿಸುತ್ತಾನೆ. ಕಾಸು ಹಾಕಿ, ಬೀಗ ತೆಗೆದು, ಅದೇ ಕಾಸನ್ನು ಮತ್ತೆ ಹಾಕುತ್ತಾನೆ. ಆದಾಯ ಸೊನ್ನೆ, ವೆಚ್ಚವೂ ಸೊನ್ನೆ. ಆಕ್ಷೇಪವೆಂದು ಬಂದದ್ದು ನಮ್ಮ ಸಿದ್ಧಾಂತಕ್ಕೇ ಊರುಗೋಲಾಯಿತು.

ಕೊನೆಯದು ಗೃಹಕೃತ್ಯಪಕ್ಷ. ಇದನ್ನು ಮಂಡಿಸುವವರು ಸಾಮಾನ್ಯವಾಗಿ ಅಡುಗೆಮನೆಯ ದಿಕ್ಕಿನಿಂದ ಮಾತಾಡುತ್ತಾರೆ: ಅಷ್ಟೊಂದು ಜಾಗ ಖಾಲಿಯಿದ್ದರೆ ಅಕ್ಕಿಮೂಟೆ ಇಡಬಾರದೇಕೆ? ಒಳಗಿನ ಶಾಖ ಹೊರಹೋಗಲು ಗಾಳಿಯಾಡಬೇಕೆಂಬುದು ಪರಂಪರಾಗತ ಉತ್ತರ. ಪಿಕ್ಚರ್ ಟ್ಯೂಬಿನ ಕಾಲದಲ್ಲಿ ಅದು ಸಲ್ಲುತ್ತಿತ್ತು. ರಾಸ್ಪ್‌ಬೆರಿ ಪೈಯ ಕಾವಿಗೆ ಬೆಂಕಿಪೊಟ್ಟಣದಷ್ಟು ಫ್ಯಾನೂ ಧಾರಾಳವಾಯಿತು. ಈ ಪಕ್ಷಕ್ಕೆ ಸಮರ್ಪಕ ಖಂಡನೆ ಶಾಸ್ತ್ರದಲ್ಲಿ ಸಿಗುವವರೆಗೆ ಹಿಂಬದಿಯ ಹಲಗೆಗೆ ಇನ್ನೂ ನಾಲ್ಕು ಸ್ಕ್ರೂ ಹೆಚ್ಚಾಗಿ ಬಿಗಿದಿಡತಕ್ಕದ್ದು.