ಬಾಣದ ತುದಿಯಲ್ಲಿ ಹಕ್ಕಿ

ನಮ್ಮ ಫ್ಯಾಮಿಲಿ ವಾಟ್ಸಾಪ್ ಗ್ರೂಪಿನಲ್ಲಿ ಕೋಳಿ ಕೂಗುವ ಮೊದಲೇ ಚಿಕ್ಕಪ್ಪನ ಹಕ್ಕಿ ಬಂದು ಕೂರುತ್ತದೆ. ಪಕ್ಷಿತಜ್ಞ ಸಲೀಂ ಅಲಿಯವರ ಮಾತು ಕೇಳಿ ಮೈಸೂರು ಅರಸರು 1940ರಲ್ಲಿ ರಂಗನತಿಟ್ಟನ್ನು ಪಕ್ಷಿಧಾಮ ಮಾಡಿದ್ದೇ ತಮ್ಮ ಮೊಬೈಲಿಗಾಗಿ ಎಂಬ ಭಾವ ಅವರದು. ಅಲ್ಲಿನ ಮೊಸಳೆ ಪರವಾಗಿಲ್ಲ. ಬಂಡೆಯ ಮೇಲೆ ಬಾಯಿ ತೆರೆದು ಅಲ್ಲಾಡದೆ ಮಲಗುತ್ತದೆ, ಪಾಪ, ಒಳ್ಳೆಯ ಮಾಡೆಲ್ಲು. ಮಿಂಚುಳ್ಳಿ ಹಾಗಲ್ಲ. ಫೋಕಸ್ ಆಗುವಷ್ಟರಲ್ಲಿ ನೀರಿಗೆ ಧುಮುಕಿ ಮೀನು ಕಚ್ಚಿಕೊಂಡು ಹೋಗಿರುತ್ತದೆ. ಉಳಿಯುವುದು ಬರೀ ಕೊಂಬೆ. ಅದಕ್ಕೂ ಸಾಲುಸಾಲು ಹೆಬ್ಬೆರಳು, "ಸೂಪರ್!"

"ಕೆಂಪು ಬಾಣ ಹಾಕಿದ್ದೀನಲ್ಲ, ಅದರ ತುದಿ ನೋಡ್ರಪ್ಪಾ" ಎಂದರು ಚಿಕ್ಕಪ್ಪ.

ನೋಡಿದೆವು. ಎಲೆ.

ಅತ್ತೆ ಮಾತ್ರ ಝೂಮ್ ಮಾಡಿ, "ಹಿಂದಿನ ದೋಣೀಲಿ ಕೊಡೆ ಹಿಡಿದಿರೋದು ನಮ್ಮ ಬೀಗರಲ್ವಾ? ಮೊನ್ನೆ ನಾಮಕರಣಕ್ಕೆ ಮಂಡಿನೋವು ಅಂತ ಬರಲಿಲ್ಲವಲ್ಲಾ!" ಎಂದರು.