ಇನ್ನೊಂದ್ ಸಲ ಒತ್ತು, ನೋಡೋಣ!

ನಿಮ್ಮ ಮನೇಲಿ ಬಿಪಿ ಮಿಷನ್ ಎಲ್ಲಿಟ್ಟಿದೀರಾ? ಹೇಳಿ ಪರವಾಗಿಲ್ಲ, ನಮ್ಮ ನಮ್ಮಲ್ಲೇ ಇರ್ಲಿ. ಟೀವಿ ಸ್ಟ್ಯಾಂಡಿನ ಕೆಳಗೆ, ಹಳೇ ಚಾರ್ಜರು, ಕರೆಂಟ್ ಬಿಲ್ಲುಗಳ ಪಕ್ಕ ತಾನೆ? ಅದರ ಜೊತೆ ಒಂದು ಸಣ್ಣ ಪುಸ್ತಕ ಬಂದಿತ್ತು, ಹೆಂಗೆ ಬಳಸಬೇಕು ಅಂತ. ನೀವು ಅದನ್ನ ಓದಲಿಲ್ಲ. (ಯಾರೂ ಓದಲ್ಲ ಬಿಡಿ, ಅದೇನ್ ಲಗ್ನಪತ್ರಿಕೇನಾ?)

ಯಾವಾಗ ತಂದ್ರಿ ಅನ್ನೋದನ್ನ ನಾನೇ ಹೇಳ್ತೀನಿ. 2021ರ ಅಕ್ಟೋಬರ್ 29ಕ್ಕೆ ನಟ ಅಪ್ಪು (ಪುನೀತ್ ರಾಜ್‌ಕುಮಾರ್) ಹೋದ್ರಲ್ಲ, ಆಮೇಲೆ ಬೆಂಗಳೂರಿನ ಜಯದೇವ ಆಸ್ಪತ್ರೆ ಮುಂದೆ ಜಾತ್ರೆಯಷ್ಟು ಜನ. ಆಗ ತರದೇ ಇದ್ದೋರು 2025ರಲ್ಲಿ ಹಾಸನದ ಹಾರ್ಟ್ ಅಟ್ಯಾಕ್ ಸುದ್ದಿ ದಿನಾ ಟೀವೀಲಿ ಬಂದಾಗ ತಂದ್ರಿ. ಹೆದ್ರಿಕೆ ಇರೋವರೆಗೂ ಬೆಳಿಗ್ಗೆ, ಮಧ್ಯಾಹ್ನ, ಸಾಯಂಕಾಲ ತೋಳಿಗೆ ಪಟ್ಟಿ. ಹೆದ್ರಿಕೆ ಇಳೀತು, ಮಿಷನ್ ಚಾರ್ಜರ್ ಪಕ್ಕ ಸೇರ್ತು.

ಈಗ ಅದು ಆಚೆ ಬರೋದು ನೆಂಟರು ಬಂದಾಗ. ಶಿಡ್ಲಘಟ್ಟದಿಂದ ಭಾವ ಬಂದ್ರು ಅಂತಿಟ್ಕೊಳಿ. (ರೇಷ್ಮೆ ರೀಲರು. ಗೂಡಿನ ರೇಟು ಏರ್ತು, ನೂಲಿನ ರೇಟು ಏರಲಿಲ್ಲ ಅನ್ನೋ ಸಂಕಟ ಅವರಿಗೆ ವರ್ಷಪೂರ್ತಿ.) ಮುದ್ದೆ, ಬಸ್ಸಾರು, ಹಪ್ಪಳ ಆಯ್ತು. ಮೇಲೊಂದು ಕಾಫೀನೂ ಆಯ್ತು. "ಭಾವ, ಕೈ ಕೊಡಿ, ಒಂದ್ಸಲ ನೋಡೇಬಿಡೋಣ" ಅಂದ್ರಿ ನೀವು.

ಭಾವ ಕಾಲ ಮೇಲೆ ಕಾಲು ಹಾಕ್ಕೊಂಡೇ ಕೈ ಚಾಚಿದ್ರು. ಶರಟಿನ ತೋಳಿನ ಮೇಲೇ ಪಟ್ಟಿ ಸುತ್ತಿದ್ರಿ. ಮಿಷನ್ ಗುರ್ ಅಂತಿದೆ, ಭಾವ ಮಾರ್ಕೆಟ್ ಕಥೆ ಹೇಳ್ತಾನೇ ಇದಾರೆ. ಅಡುಗೆಮನೆಯಿಂದ ಅತ್ತೆ, "ಎಂತ ಚೂಪಿಸ್ತಾ ಉಂದಿ ರಾ?" (ಎಷ್ಟು ತೋರಿಸ್ತಿದೆಯೋ ಅಂತ.) ನೀವು ಕನ್ನಡಕ ಏರಿಸ್ಕೊಂಡು, "ನೂರೈವತ್ತೆಂಟು, ತೊಂಬತ್ತಾರು!" ಮನೆಯೆಲ್ಲಾ ಗಪ್‌ಚಿಪ್.

ನ್ಯಾಯವಾಗಿ ಹೇಳಿ, ಆ ನೂರೈವತ್ತೆಂಟರಲ್ಲಿ ಭಾವನ ರಕ್ತದ್ದೆಷ್ಟು, ನಿಮ್ಮ ಉಪಚಾರದ್ದೆಷ್ಟು? ಕಾಲ ಮೇಲೆ ಕಾಲು ಹಾಕಿದ್ದಕ್ಕೆ ಒಂದಷ್ಟು ಏರುತ್ತೆ. ಕಾಫಿಗೊಂದಷ್ಟು. ಬರೀ ಮಾತಾಡ್ತಾ ಇದ್ರೇ ಹತ್ತು ಪಾಯಿಂಟ್ ಏರೋದುಂಟು. ಕೈ ಸೋಫಾ ಪಕ್ಕ ಜೋತುಬಿದ್ದು, ಪಟ್ಟಿ ಎದೆ ಮಟ್ಟಕ್ಕಿಂತ ಅರ್ಧ ಗೇಣು ಕೆಳಗಿದ್ರೆ ಇನ್ನೊಂದು ಏಳೆಂಟು. ಬಾತ್‌ರೂಮಿಗೆ ಹೋಗೋದನ್ನ ತಡ್ಕೊಂಡು ಕೂತಿದ್ರೆ (ಮಾತು ಬಿಟ್ಟು ಏಳೋಕ್ಕಾಗುತ್ತಾ?) ಅದೂ ಲೆಕ್ಕಕ್ಕೆ ಬರುತ್ತೆ.

ಆದ್ರೆ ನೀವೇನ್ ಮಾಡ್ತೀರಿ? "ಇನ್ನೊಂದ್ ಸಲ ಒತ್ತು, ನೋಡೋಣ!" ನೂರೈವತ್ತೊಂದು. "ಇನ್ನೊಂದ್ ಸಲ." ನೂರನಲವತ್ತಾರು. ಚಿಂತಾಮಣಿ ಮಂಡೀಲಿ ಟೊಮ್ಯಾಟೊ ಬಾಕ್ಸಿಗೆ ಚೌಕಾಸಿ ಮಾಡಿದಂಗೆ ಒತ್ತಿದ್ದೂ ಒತ್ತಿದ್ದೇ. ಕೊನೆಗೆ ನೂರಮೂವತ್ತೊಂಬತ್ತು ಬಂತು. "ಹಾಂ, ಇದು ಕರೆಕ್ಟು!" ವ್ಯಾಪಾರ ಕುದುರ್ತು, ಪಟ್ಟಿ ಬಿಚ್ಚಿ.

ಎರಡನೇ ಸಲ ನೋಡೋದು ತಪ್ಪಲ್ಲ ಕಣ್ರೀ, ಡಾಕ್ಟ್ರುಗಳೇ ಹೇಳೋದು ಅದನ್ನ. ಒಂದು ನಿಮಿಷ ಬಿಟ್ಟು ಇನ್ನೊಂದ್ಸಲ ನೋಡಿ, ಎರಡನ್ನೂ ಬರ್ಕೊಳಿ, ಸರಾಸರಿ ತಗೊಳಿ ಅಂತ. ನಿಮ್ಮ ಕಿತಾಪತಿ ಇರೋದು ಬೇರೆ ಕಡೆ. ಜಾಸ್ತಿ ಬಂದಿದ್ದು ಮಿಷನ್ನಿಂದು, ಕಮ್ಮಿ ಬಂದಿದ್ದು ನಿಮ್ಮದು! ಅಷ್ಟಕ್ಕೂ ಇಳೀಲಿಲ್ಲ ಅಂದ್ರೆ "ಸೆಲ್ ವೀಕ್ ಆಗಿರ್ಬೇಕು" ಅಂತ ಅಂಗಡಿಗೆ ಹುಡುಗನ್ನ ಓಡಿಸ್ತೀರಿ. ಹೊಸ ಸೆಲ್ ಹಾಕಿದ್ರೆ ಬಿಪಿ ಇಳಿಯುತ್ತೆ ಅಂತ ನಿಮಗೆ ಯಾರ್ ಹೇಳಿದ್ರು?

ಪಾಪ, ಆ ಮಿಷನ್ ಕೆಲಸ ಏನು ಅಂತ ಒಂಚೂರು ನೋಡಿ. ತೋಳಿಗೆ ಗಾಳಿಪಟ್ಟಿ ಸುತ್ತಿ ಒತ್ತಡ ಅಳೆಯೋ ಉಪಾಯ ಇಟಲಿಯ ರಿವಾ ರೊಚ್ಚಿಯದ್ದು, 1896ರದ್ದು. 1905ರಲ್ಲಿ ರಷ್ಯಾದ ಕೊರೊಟ್ಕಾಫ್ ಅನ್ನೋ ಡಾಕ್ಟ್ರು ಸ್ಟೆಥಾಸ್ಕೋಪ್ ಇಟ್ಟು, ಗಾಳಿ ಬಿಡ್ತಾ ಹೋದಂಗೆ ಟಪ್ ಟಪ್ ಸದ್ದು ಶುರುವಾದಾಗ ಮೇಲಿನ ನಂಬರು, ಸದ್ದು ನಿಂತಾಗ ಕೆಳಗಿನ ನಂಬರು ಅಂದ್ರು. ನಿಮ್ಮ ಟೀವಿ ಸ್ಟ್ಯಾಂಡಿನ ಮಿಷನ್‌ಗೆ ಸಾಮಾನ್ಯವಾಗಿ ಕಿವಿ ಇಲ್ಲ. ರಕ್ತನಾಳ ಮಿಡಿದಾಗ ಪಟ್ಟಿಯೊಳಗಿನ ಗಾಳಿ ಅಲುಗುತ್ತಲ್ಲ, ಆ ಅಲುಗಾಟ ನೋಡಿ ಲೆಕ್ಕ ಹಾಕುತ್ತೆ. ಅದೇ ಕೈಯಲ್ಲಿ ನೀವು ವಾಟ್ಸಾಪ್ ತಿಕ್ಕುತ್ತಾ ಕೂತ್ರೆ ಅದಕ್ಕೆ ಗೊತ್ತಾಗೋದಾದ್ರೂ ಹೆಂಗೆ, ಯಾವುದು ನಾಡಿ, ಯಾವುದು ಫಾರ್ವರ್ಡು ಅಂತ?

ಸರಿಯಾಗಿ ನೋಡೋದು ಕಷ್ಟ ಏನಲ್ಲ. ಕಾಫಿ, ಬೀಡಿ, ವಾಕಿಂಗು ಆಗಿ ಅರ್ಧ ಗಂಟೆ ಕಳೆದಿರ್ಲಿ. ಬೆನ್ನಿಗೆ ಒರಗು, ಪಾದ ಎರಡೂ ನೆಲಕ್ಕೆ, ಕೈ ಟೇಬಲ್ ಮೇಲೆ, ಬರೀ ತೋಳಿಗೆ ಪಟ್ಟಿ. ತೋಳು ದಪ್ಪ ಇದ್ರೆ ದೊಡ್ಡ ಪಟ್ಟೀನೇ ಬೇಕು, ಚಿಕ್ಕದು ಸುಳ್ಳುಸುಳ್ಳೇ ಜಾಸ್ತಿ ತೋರಿಸುತ್ತೆ. ಆಮೇಲೆ ಐದು ನಿಮಿಷ ಸುಮ್ನೆ ಕೂತ್ಕೋಬೇಕು. ಅಲ್ಲಿಗೆ ನೀವು ಫೇಲ್! ಐದು ನಿಮಿಷ, ಮಾತಿಲ್ಲ, ಫೋನಿಲ್ಲ, ಟೀವೀಲಿ ಕಿರುಚೋ ಆ್ಯಂಕರ್ ಇಲ್ಲ. ಕೊನೇ ಸಲ ಹಂಗೆ ಕೂತಿದ್ದು ಯಾವಾಗ? (ನಿದ್ದೆ ಲೆಕ್ಕಕ್ಕಿಲ್ಲ.)

ಇನ್ನು ನಿಮ್ಮ ಫೇವರಿಟ್ ನೆಪ. "ನಂಗೆ ಡಾಕ್ಟ್ರನ್ನ ಕಂಡ್ರೇ ಬಿಪಿ ಏರುತ್ತೆ, ಮನೇಲೆಲ್ಲ ನಾರ್ಮಲ್ಲು." ಒಪ್ಪಿದೆ, ಬಿಳಿ ಕೋಟಿನ ಭಯ ನಿಜವಾದ್ದೇ, ಡಾಕ್ಟ್ರುಗಳೂ ಒಪ್ತಾರೆ. ಆದ್ರೆ ಉಲ್ಟಾ ಗಿರಾಕಿಗಳೂ ಇದಾರೆ. ಕ್ಲಿನಿಕ್‌ನಲ್ಲಿ ಸಾಧು, ಮನೇಲಿ ಜ್ವಾಲಾಮುಖಿ! ಇಬ್ಬರನ್ನೂ ಹಿಡಿಯೋದು ಮನೆ ಮಿಷನ್ನೇ. ಏಳು ದಿನ, ಬೆಳಿಗ್ಗೆ ಎರಡು ಸಲ, ಸಾಯಂಕಾಲ ಎರಡು ಸಲ ನೋಡಿ. ಮೊದಲ ದಿನದ್ದು ಬಿಟ್ಟು ಮಿಕ್ಕಿದ್ದಕ್ಕೆ ಸರಾಸರಿ ಹಾಕಿ. ಕ್ಲಿನಿಕ್ ಗಡಿ 140/90 ಆದ್ರೆ ಮನೆ ಗಡಿ ಇನ್ನೂ ಕೆಳಗೆ, 135/85. ಅಂದ್ರೆ ಭಾವನ "ಕರೆಕ್ಟು" ನೂರಮೂವತ್ತೊಂಬತ್ತೂ ಗಡಿ ದಾಟಿದ್ದೇ.

ಸರಾಸರಿ ನಾರ್ಮಲ್ ಬಂತು ಅಂತಿಟ್ಕೊಳಿ, ಮಾರನೇ ದಿನ ನೀವು ಮಾಡೋ ಕೆಲಸ ನಂಗೊತ್ತಿಲ್ವಾ? "ನಾರ್ಮಲ್ ಇದೆಯಲ್ಲ, ಇನ್ನು ಮಾತ್ರೆ ಯಾಕೆ?" ಅದು ನಾರ್ಮಲ್ ಇರೋದೇ ಮಾತ್ರೆಯಿಂದ, ಮಹರಾಯ್ರೇ! ಮಾತ್ರೆ ಮಾತು ಹಂಗಿರ್ಲಿ, ಸರ್ಕಾರದೋರು ಬಂದ್ರೂ ತಪ್ಪಿಸ್ಕೊತೀರಿ. ನಾವು ಚಿಕ್ಕಬಳ್ಳಾಪುರದೋರು 2007ರಲ್ಲಿ ಪಾಲಾಗಿ ಬಂದ್ವಲ್ಲ ಕೋಲಾರ ಜಿಲ್ಲೆಯಿಂದ, ಅಲ್ಲೇ 2024ರಲ್ಲಿ ಸರ್ಕಾರದ ಗೃಹ ಆರೋಗ್ಯ ಯೋಜನೆ ಶುರುವಾಗಿದ್ದು. ಮೂವತ್ತು ದಾಟಿದೋರ ಬಿಪಿ, ಶುಗರ್ ನೋಡೋಕೆ ಮನೆ ಬಾಗಿಲಿಗೇ ಬರ್ತಾರೆ. ನೀವೋ, ಕಿಟಕಿಯಿಂದ ಇಣುಕಿ "ನಂಗೇನೂ ಇಲ್ಲಮ್ಮ, ಪಕ್ಕದ ಮನೇಲಿ ಕೇಳು" ಅಂತೀರಿ.

"ಉಪ್ಪು ಬಿಟ್ಟೇಬಿಟ್ಟಿದೀನಿ ಸಾರ್." ಆಹಾ! ಮೊಸರನ್ನಕ್ಕೆ ಉಪ್ಪು ಹಾಕ್ಕೊಳಲ್ಲ, ಅಷ್ಟು ನಿಜ. ಉಪ್ಪುಸಾರು? ಹಪ್ಪಳ? ಮುದ್ದೆ ತುದೀಲಿ ಅದ್ದೋ ಆ ಉಪ್ಪಿನಕಾಯಿ ರಸ? ಸಾಯಂಕಾಲದ ಕಾರಾಬೂಂದಿ? ವಿಶ್ವ ಆರೋಗ್ಯ ಸಂಸ್ಥೆ ಹೇಳೋದು ದಿನಕ್ಕೆ 5 ಗ್ರಾಮಿನೊಳಗೆ, ಎಲ್ಲಾ ಸೇರಿ ಒಂದು ಟೀ ಚಮಚ ದಾಟಬಾರ್ದು ಅಂತ. ನಿಮ್ಮ ಉಪ್ಪಿನಕಾಯಿ ಒಂದೇ ಅದರ ದೊಡ್ಡ ಪಾಲು ನುಂಗಿರುತ್ತೆ.

ಇಷ್ಟೆಲ್ಲ ಕೇಳಿಸ್ಕೊಂಡು ನೀವು ಎದೆ ಉಬ್ಬಿಸಿ ಹೇಳೋದೇನು? "ಹೋದ್ ಭಾನ್ವಾರ ಸ್ಕಂದಗಿರಿ ಹತ್ತಿದೀನಿ ಕಣ್ರೀ. ಹಾರ್ಟ್ ವೀಕ್ ಇರೋನು ಹತ್ತಕ್ಕಾಗುತ್ತಾ?" ಗೊತ್ತು ಬಿಡಿ. ಆನ್‌ಲೈನ್ ಟಿಕೆಟ್ ತಗೊಂಡು, ಕಳವಾರದ ಪಾಪಾಗ್ನಿ ಮಠದ ಹತ್ರ ಕತ್ತಲಲ್ಲೇ ಲೈನ್ ಹೊಡ್ದು, ಸುಮಾರು 1,450 ಮೀಟರ್ ಎತ್ತರದ ಬೆಟ್ಟದ ಮೇಲೆ ಕೋಟೆ ಗೋಡೆಗೆ ಒರಗಿ, ಕೆಳಗೆ ಮೋಡ ಇಟ್ಕೊಂಡು ಸೆಲ್ಫಿ. ನಿಮ್ಮಲ್ಲೊಬ್ಬರು (ಹೆಸರು ಬೇಡ) ಬ್ಯಾಗಲ್ಲಿ ಬಿಪಿ ಮಿಷನ್ನೂ ತಂದಿದ್ರಂತೆ. ಮೇಲೆ ಕೂತು ಕಟ್ಕೊಂಡ್ರೆ ನೂರಾ ಎಪ್ಪತ್ತು! ಅಲ್ಲೇ ಕಾಲು ನಡುಗಿ, ಇಳಿಸೋಕೆ ಇಬ್ಬರು ಹುಡುಗರು ಬೇಕಾದ್ರು.

ಅಲ್ರೀ, ಹತ್ತುವಾಗ ಮೇಲಿನ ನಂಬರು ಏರಲೇಬೇಕು. ಮಂಡಿಗೆ, ತೊಡೆಗೆ ರಕ್ತ ತಳ್ಳೋಕೆ ಹೃದಯ ದುಡೀತಿದೆ ಅಂತ ಅರ್ಥ. ಚಿಕ್ಕಬಳ್ಳಾಪುರದ ಮಾಗಿ ಚಳಿಗೂ ಒಂದಷ್ಟು ಏರುತ್ತೆ. ಆದ್ರೆ ಬೆಟ್ಟ ಹತ್ತಿ ಬಂದಿದ್ದು ಸರ್ಟಿಫಿಕೇಟೂ ಅಲ್ಲ. ಬಿಪಿ ಇರೋನಿಗೆ ಅದು ಇದೆ ಅಂತ ಎಷ್ಟೋ ಸಲ ಏನೂ ಗೊತ್ತಾಗಲ್ಲ, ಬೆಟ್ಟಾನೂ ಹತ್ತುತ್ತಾನೆ, ಬೋಂಡಾನೂ ತಿಂತಾನೆ.

ಒಂದ್ ವಿಷಯ ಮಾತ್ರ ತಮಾಷೆ ಬಿಟ್ಟು ಹೇಳ್ತೀನಿ, ಬೈಕೋಬೇಡಿ. ಎದೆ ಹಿಂಡಿದಂಗಾಗಿ, ಎಡಗೈಗೋ ದವಡೆಗೋ ನೋವು ಹರಿದು, ಬೆವರು ಕಿತ್ಕೊಂಡು ಬಂದಾಗ ನೀವು ಮೊದಲು ಕುಡಿಯೋದು ಜೀರಾ ಸೋಡಾ, ಆಮೇಲೆ ಕಟ್ಟೋದು ಬಿಪಿ ಪಟ್ಟಿ. "120/80 ಇದೆ, ಬರೀ ಗ್ಯಾಸು!" ಹಾರ್ಟ್ ಅಟ್ಯಾಕ್ ಆಗ್ತಿರುವಾಗ್ಲೂ ಬಿಪಿ ನಾರ್ಮಲ್ ಇರಬಹುದು. ಅದನ್ನ ಹೇಳೋದು ಇಸಿಜಿ, ನಿಮ್ಮ ಮಿಷನ್ ಅಲ್ಲ. 108ಕ್ಕೆ ಫೋನ್ ಮಾಡಿ. ಅಪ್ಪು ಹೆಸರಿನ ಹೃದಯ ಜ್ಯೋತಿ ಯೋಜನೆಗೆ ಸೇರಿದ ಸರ್ಕಾರಿ ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು ಜಯದೇವದೋರಿಗೆ ತೋರಿಸ್ತಾರೆ, ಬೇಕಿದ್ರೆ ಹೆಪ್ಪು ಕರಗಿಸೋ ದುಬಾರಿ ಇಂಜೆಕ್ಷನ್ ಬಿಟ್ಟಿ ಕೊಡ್ತಾರೆ. ಅದು ಕೆಲಸ ಮಾಡೋದು ಬೇಗ ಹೋದ್ರೆ. ಸೋಡಾ ಬಾಟ್ಲು ಖಾಲಿ ಮಾಡಿ ಹೋದ್ರೆ ಅಲ್ಲ.

ಸರಿ, ಮತ್ತೆ ನಿಮ್ಮ ಕಳ್ಳಾಟಕ್ಕೆ ಬರೋಣ. ಡಾಕ್ಟ್ರು ಬರ್ಕೊಂಡು ಬನ್ನಿ ಅಂದ್ರು. ಡೈರೀಲಿ 128, 126, 130. ಎಲ್ಲಾ ಒಂದೇ ಪೆನ್ನು, ಒಂದೇ ಇಂಕು. (ಆಸ್ಪತ್ರೆ ಹೊರಗೆ ಆಟೋದಲ್ಲಿ ಕೂತು ಬರ್ದಿದ್ದಲ್ವಾ?) ಆ ಡಾಕ್ಟ್ರು ಹುಷಾರು, "ಮಿಷನ್ನೂ ತನ್ನಿ" ಅಂದಿದ್ರು, ನಮ್ಮದರ ಜೊತೆ ಹೋಲಿಸಿ ನೋಡೋಣ ಅಂತ. ಅದಕ್ಕೆ ಮೆಮೊರಿ ಇದೆ, ಒಂದು ಬಟನ್ ಒತ್ತಿದ್ರೆ ಹಳೇದೆಲ್ಲ ಸಾಲಾಗಿ ಬರುತ್ತೆ ಅಂತ ನಿಮಗೂ ಗೊತ್ತು.

ಅದಕ್ಕೇ ಅಲ್ವಾ ನೀವು ಆ ಐಡಿಯಾ ಮಾಡಿದ್ದು? ಮಿಷನ್ನಲ್ಲಿ ಯೂಸರ್ ಒಂದು, ಯೂಸರ್ ಎರಡು ಅಂತ ಇರುತ್ತಲ್ಲ. ಕಾರಾಬೂಂದಿ ತಿಂದ ದಿನ ಎಲ್ಲಾ ಯೂಸರ್ ಎರಡಕ್ಕೆ. ಡಾಕ್ಟ್ರು ಒಂದನ್ನ ನೋಡಿ ತಲೆಯಾಡಿಸಿದ್ರು, ಎರಡನ್ನ ನೋಡಿ ಹುಬ್ಬು ಗಂಟಿಕ್ಕಿ ನಿಮ್ಮ ಪಕ್ಕ ಕೂತಿದ್ದ ಮನೆಯೋರ ಕಡೆ ತಿರುಗಿದ್ರು. "ಏನಮ್ಮಾ, ನಿಮ್ಮದು ನೂರರವತ್ತು ದಾಟ್ತಿದೆಯಲ್ಲ?" ಆಯಮ್ಮ ನಿಮ್ಮನ್ನ ಒಂದ್ಸಲ ನೋಡಿ, ಸೆರಗು ಸರಿಮಾಡ್ಕೊಂಡು, "ನಾನು ಇದುವರ್ಗೂ ಒಂದ್ಸಲಾನೂ ಕಟ್ಕೊಂಡಿಲ್ಲ ಸಾರ್. ಈಗ ಕಟ್ಟಿ ನೋಡಿ, ಈಗ ಏರಿರ್ಬೌದು."