ಮಹಿಷದಂತ ಮೀಮಾಂಸೆ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಸೀಮೆಯಲ್ಲಿ ಕಲ್ಲಿನ ವಯಸ್ಸು ಹೇಳುವುದು ಸುಲಭ. ವೇಣೂರಿನ ಬಾಹುಬಲಿಗೆ 1604, ಸಾವಿರ ಕಂಬದ ಬಸದಿಗೆ 1430 ಎಂದು ಶಾಸನವೇ ಸಾಕ್ಷಿ ನುಡಿಯುತ್ತದೆ. ಕಂಬಳದ ಕೋಣಕ್ಕೆ ಶಾಸನ ಹಾಕಿಸಿದ ಅರಸನಿಲ್ಲ. ಆದಕಾರಣ ಈ ಪ್ರಬಂಧ.

ಮೊದಲು ಶಬ್ದಪ್ರಮಾಣ. ಯಜಮಾನರನ್ನು ಕೇಳಿದರೆ, "ಇದು ಇನ್ನೂ ಸಣ್ಣದು ಮಾರಾಯ್ರೆ, ನೇಗಿಲು ಕಿರಿಯಕ್ಕೇ ಬಿಡುವುದು" ಎಂದು ಎಳೆಯ ಕೋಣಗಳ ವಿಭಾಗದತ್ತ ಕೈ ತೋರಿಸುತ್ತಾರೆ. ಪಕ್ಕದ ಕೋಣದ ಯಜಮಾನರು, "ಹೌದೌದು, ಮೂರು ವರ್ಷದಿಂದ ಸಣ್ಣದೇ" ಎಂದು ಕೆಮ್ಮುತ್ತಾರೆ. ಎರಡೂ ಆಪ್ತವಾಕ್ಯಗಳೇ. ಒಂದನ್ನೊಂದು ಹೊಡೆದುಹಾಕುವುದರಿಂದ ಈ ಪ್ರಮಾಣ ಇಲ್ಲಿಗೆ ಬಿತ್ತು.

ಎರಡನೆಯದು ಕೊಂಬಿನಿಂದ ಅನುಮಾನ. ಪೂರ್ವಪಕ್ಷಿಯು ಜಿಂಕೆಯ ಕುಲವನ್ನು ದೃಷ್ಟಾಂತಕ್ಕೆ ತರುತ್ತಾನೆ: ಕವಲು ಹೆಚ್ಚಿದಷ್ಟೂ ವಯಸ್ಸು ಹೆಚ್ಚು. ಒಪ್ಪತಕ್ಕದ್ದಲ್ಲ. ಚಾರ್ಮಾಡಿ ತಪ್ಪಲಿನ ಕಡವೆಯ ಕೊಂಬು ಉದುರಿ ಮತ್ತೆ ಬೆಳೆಯುತ್ತದೆ. ಬೆಳೆದ ಗಂಡಿಗೆ ಕೊಂಬೊಂದಕ್ಕೆ ಸಾಮಾನ್ಯವಾಗಿ ಮೂರೇ ಕವಲು, ಮತ್ತೆಷ್ಟು ಮಳೆಗಾಲ ಕಂಡರೂ ಅಷ್ಟೆ. ಹಲ್ಲನ್ನು ಸೀಳಿ ಸೂಕ್ಷ್ಮದರ್ಶಕದಡಿ ಪದರ ಎಣಿಸುವ ಕ್ರಮವೂ ಉಂಟು. ಅದಕ್ಕೆ ಒಪ್ಪುವ ಕಡವೆ ಮೊದಲೇ ಸತ್ತಿರಬೇಕಾದ್ದರಿಂದ ಸಿಗುವುದು ವಯಸ್ಸಲ್ಲ, ಆಯುಷ್ಯ.

ಉಳಿದದ್ದು ಪ್ರತ್ಯಕ್ಷ, ಅಂದರೆ ಕೋಣದ ಬಾಯಿ. ಮೇಲ್ದವಡೆಯಲ್ಲಿ ಬಾಚಿಹಲ್ಲು ಇಲ್ಲವೇ ಇಲ್ಲ, ಕೆಳಗೆ ಎಂಟು. ಹಾಲುಹಲ್ಲು ಬಿದ್ದು ಮೊದಲ ಜೋಡಿ ಮೂಡುವಾಗ ಎರಡೂವರೆ-ಮೂರು ವರ್ಷ. ಆಮೇಲೆ ಹೆಚ್ಚುಕಡಿಮೆ ವರ್ಷಕ್ಕೊಂದು ಜೋಡಿಯಂತೆ ನಾಲ್ಕು, ಆರು, ಎಂಟು, ಅಲ್ಲಿಗೆ ಬಾಯಿಗೂಡಿತು. ಹೊಕ್ಕಾಡಿಗೋಳಿಯ ಕಂಬಳವಾಗಲಿ ವೇಣೂರಿನದಾಗಲಿ, ಕಿರಿಯ-ಹಿರಿಯ ವಿಭಾಗದ ತಕರಾರೆದ್ದರೆ ತುಟಿ ಬಿಡಿಸುವುದೇ ನ್ಯಾಯ. ಬಾಯಿಗೂಡಿದ ಮೇಲೇನು ಗತಿ? ಸವೆತ ನೋಡಬೇಕು. ಸವೆತವೋ ಮೇವಿನ ಕೈಯಲ್ಲಿದೆ: ಹುರುಳಿ ಬೇಯಿಸಿ ಹಾಕುವ ಮನೆಯ ಕೋಣ, ಒಣಹುಲ್ಲು ಅಗಿದ ತನ್ನ ತಮ್ಮನಿಗಿಂತ ಎಳೆಯದೆಂದು ಸಿದ್ಧವಾದರೂ ಆಶ್ಚರ್ಯವಿಲ್ಲ.

2020ರಲ್ಲಿ ಐಕಳ ಕಂಬಳದ ಓಟದ ಕರೆಯಲ್ಲಿ ಮೂಡುಬಿದಿರೆ ಕಡೆಯ ಅಶ್ವತ್ಥಪುರದ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಮುಗಿಸಿದಾಗ ದೇಶವೆಲ್ಲ ಉಸೇನ್ ಬೋಲ್ಟ್‌ನ ಹೆಸರಲ್ಲಿ ಭಾಗಾಕಾರ ಹಾಕಿತು. ಎದುರಲ್ಲಿ ಓಡಿದ ಕೋಣಗಳಿಗೆ ಹಲ್ಲೆಷ್ಟೆಂಬುದು ನಾನೋದಿದ ಯಾವ ವರದಿಯಲ್ಲೂ ಇರಲಿಲ್ಲ. ಶಾಸ್ತ್ರಕ್ಕಾದ ಈ ನಷ್ಟವನ್ನು ಯಾರು ತುಂಬಿಕೊಡುತ್ತಾರೋ ತಿಳಿಯದು.

ಕೊನೆಗೊಂದು ಪ್ರಯೋಗವಿಧಿ. ಮೇಲೆ ಬಾಚಿಹಲ್ಲಿಲ್ಲ ಎಂಬ ಧೈರ್ಯದಲ್ಲಿ ಬೆರಳನ್ನು ಒಳಗೊಳಗೆ ನೂಕುವ ಶಿಷ್ಯರಿಗೆ, ದವಡೆಹಲ್ಲು ಮೇಲೂ ಇದೆ, ಕೆಳಗೂ ಇದೆ ಎಂದು ಮೊದಲೇ ತಿಳಿಸತಕ್ಕದ್ದು.